ಸೋನಿಕ್ ಓಡಿದ, ಮುಂದಿನ ದಾರಿ ಕಾಣಲಿಲ್ಲ

ಸಂಪಾದಕರಿಗೆ,

ಮಾನ್ಯರೆ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುರವಣಿಯಲ್ಲಿ ಹಳೆಯ ವಿಡಿಯೋ ಗೇಮ್‌ಗಳ ಬಗ್ಗೆ ಬಂದ ಲೇಖನ ಓದಿದೆವು. ಸೋನಿಕ್ ಎಂಬ ಪಾತ್ರ ವೇಗವಾಗಿ ಓಡುತ್ತ ನೆಗೆಯುತ್ತ ಸಾಗುವ ಸೋನಿಕ್ ಸರಣಿಯ ಆಟಗಳು ಟಿ.ವಿ.ಯಲ್ಲಿ ಗೆದ್ದವು, ಕೈಯಲ್ಲಿ ಹಿಡಿದು ಆಡುವ ಯಂತ್ರಗಳಲ್ಲಿ ಸಪ್ಪೆಯಾದವು, ಏಕೆಂದರೆ ಆ ಯಂತ್ರಗಳಿಗೆ ಶಕ್ತಿ ಸಾಲದಾಗಿತ್ತು ಎಂದು ಲೇಖಕರು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದಾರೆ. ಸಪ್ಪೆಯಾದದ್ದು ಖರೆ. ಹೇಳಿದ ಕಾರಣ ಮಾತ್ರ ಹೊಂದುವುದಿಲ್ಲ. ಕಲಬುರಗಿಯಲ್ಲಿ ಹಳೆಯ ಗೇಮ್ ಯಂತ್ರಗಳನ್ನು ರಿಪೇರಿ ಮಾಡುವವರು ಮತ್ತು ಮೊಬೈಲ್‌ಗೆ ಸಣ್ಣಪುಟ್ಟ ಗೇಮ್ ಬರೆಯುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ. ಇಂಥ ಗೇಮ್ ಬರೆಯಲು ಹೊರಟ ಹುಡುಗ ಹುಡುಗಿಯರು ಈಗ ನಮ್ಮ ಕಾಲೇಜುಗಳಲ್ಲೂ ಇದ್ದಾರೆ. ಕಾರಣವನ್ನೇ ತಪ್ಪಾಗಿ ತಿಳಿದರೆ ಅವರ ಆಟದಲ್ಲೂ ಅದೇ ಎಡವಟ್ಟು ಮರುಕಳಿಸುತ್ತದೆ.

ಮೊದಲು ಲೆಕ್ಕ ನೋಡೋಣ. 1991ರಲ್ಲಿ ಸೆಗಾ ಕಂಪನಿಯ ಮೆಗಾ ಡ್ರೈವ್ ಯಂತ್ರಕ್ಕೆ ಬಂದ ಮೊದಲ ಸೋನಿಕ್ ಆಟದ ಚಿತ್ರ 320 ಪಿಕ್ಸೆಲ್ (ಪರದೆಯ ಚುಕ್ಕಿ) ಅಗಲ, 224 ಪಿಕ್ಸೆಲ್ ಎತ್ತರ. ಪಾತ್ರ ಹೆಚ್ಚುಕಡಿಮೆ ಪರದೆಯ ನಡುವೆ ಇರುತ್ತದೆ. ಅಂದರೆ ಅವನ ಮುಂದೆ ಕಾಣುವ ದಾರಿ 160 ಪಿಕ್ಸೆಲ್. ಸಮತಟ್ಟು ನೆಲದಲ್ಲಿ ಸೋನಿಕ್ ಓಡುವ ಪೂರ್ಣ ವೇಗ ಒಂದು ಫ್ರೇಮಿಗೆ 6 ಪಿಕ್ಸೆಲ್. ಸೆಕೆಂಡಿಗೆ 60 ಫ್ರೇಮ್, ಅಂದರೆ ಪರದೆಯ ಚಿತ್ರ 60 ಸಲ ಬದಲಾಗುತ್ತದೆ. 160ನ್ನು 6ರಿಂದ ಭಾಗಿಸಿದರೆ ಸುಮಾರು 26 ಫ್ರೇಮ್. ಪರದೆಯ ಅಂಚಿನಲ್ಲಿ ಒಂದು ಮುಳ್ಳು ಕಂಡಾಗಿನಿಂದ ಅದು ಕಾಲಿಗೆ ತಾಗುವವರೆಗೆ ಆಟಗಾರನಿಗೆ ಸಿಗುವ ಸಮಯ ಇಷ್ಟೇ, ಅರ್ಧ ಸೆಕೆಂಡಿಗೂ ಕಡಿಮೆ. ಕಣ್ಣು ಕಂಡದ್ದಕ್ಕೆ ಬೆರಳು ಸ್ಪಂದಿಸಲು ಸಾಮಾನ್ಯವಾಗಿ ಕಾಲು ಸೆಕೆಂಡ್, ಅಂದರೆ 15 ಫ್ರೇಮ್ ಬೇಕು. ಹಾಗಾಗಿ ಟಿ.ವಿ.ಯಲ್ಲಿ ಆಡುವವನ ಕೈಯಲ್ಲಿ ಉಳಿಯುವುದು 11 ಫ್ರೇಮ್. ಸೋನಿಕ್ ಆಟದ ಮಜಾ ಅಷ್ಟೂ ಈ 11 ಫ್ರೇಮುಗಳಲ್ಲಿದೆ.

ಇದೇ ಆಟವನ್ನು, ಇದೇ ಗಾತ್ರದ ಪಾತ್ರವನ್ನು, ಇದೇ ವೇಗದಲ್ಲಿ ನಿಂಟೆಂಡೊ ಕಂಪನಿಯ ಕೈಯಂತ್ರವಾದ ಗೇಮ್ ಬಾಯ್ ಅಡ್ವಾನ್ಸ್‌ನ 240 ಪಿಕ್ಸೆಲ್ ಅಗಲದ ಪರದೆಗೆ ತಂದರೆ ಮುಂದೆ ಕಾಣುವುದು 120 ಪಿಕ್ಸೆಲ್, ಅಂದರೆ 20 ಫ್ರೇಮ್. ಬೆರಳಿನ 15 ಕಳೆದರೆ ಉಳಿಯುವುದು 5. ಇನ್ನು ಸೆಗಾದ್ದೇ ಕೈಯಂತ್ರವಾದ ಗೇಮ್ ಗೇರ್‌ನ 160 ಪಿಕ್ಸೆಲ್ ಅಗಲದ ಪರದೆಗೆ ತಂದರೆ ಮುಂದೆ 80 ಪಿಕ್ಸೆಲ್, 13 ಫ್ರೇಮ್. ಬೆರಳು ಅಲುಗುವ ಮೊದಲೇ ಮುಳ್ಳು ಚುಚ್ಚಿರುತ್ತದೆ. ರಾತ್ರಿ ಜೇವರ್ಗಿ ರಸ್ತೆಯಲ್ಲಿ ಡಿಮ್ ಲೈಟಿನಲ್ಲೇ 80ರ ವೇಗದಲ್ಲಿ ಬೈಕ್ ಓಡಿಸಿದ ಹಾಗೆ ಇದು. ಎಂಜಿನ್ ಎಷ್ಟೇ ಗಟ್ಟಿಯಿದ್ದರೂ ಗುಂಡಿ ಕಾಣುವುದು ಗಾಲಿ ಇಳಿದ ಮೇಲೆಯೇ.

ಎತ್ತರದ ಕಥೆಯೂ ಬೇರೆಯಲ್ಲ. ಸೋನಿಕ್ ನಿಂತಲ್ಲಿಂದ ನೆಗೆದರೆ ಸುಮಾರು 96 ಪಿಕ್ಸೆಲ್ ಮೇಲೆ ಹೋಗುತ್ತಾನೆ. 224ರ ಎತ್ತರದಲ್ಲಿ ಅದು ಅರ್ಧಕ್ಕಿಂತ ಕಡಿಮೆ. 160ರ ಎತ್ತರದಲ್ಲಿ ಐದರಲ್ಲಿ ಮೂರು ಪಾಲು. ಎಲ್ಲಿಗೆ ನೆಗೆಯುತ್ತಿದ್ದೇವೆ, ಎಲ್ಲಿ ಇಳಿಯುತ್ತೇವೆ ಎಂಬ ಎರಡೂ ಒಟ್ಟಿಗೆ ಕಾಣುವ ಜಾಗ ಹೀಗೆ ಕರಗುತ್ತದೆ.

ಈಗ ಗೇಮ್ ಗೇರ್ ವಿಷಯ. ಸೆಗಾ ಇದನ್ನು ಜಪಾನಿನಲ್ಲಿ 1990ರಲ್ಲಿ ಬಿಡುಗಡೆ ಮಾಡಿತು. ಒಳಗಿರುವುದು ಬಹುಪಾಲು ಅವರದೇ ಮಾಸ್ಟರ್ ಸಿಸ್ಟಂ ಎಂಬ ಟಿ.ವಿ. ಯಂತ್ರ. ಎರಡರಲ್ಲೂ ಅದೇ ಝಡ್80 ಪ್ರೊಸೆಸರ್, ಅದೇ 3.58 ಮೆಗಾಹರ್ಟ್ಸ್, ಒಮ್ಮೆಗೆ ಪರದೆಯ ಮೇಲೆ ಅದೇ 32 ಬಣ್ಣ. ಬಣ್ಣದ ಪೆಟ್ಟಿಗೆಯಂತೂ ಕೈಯಂತ್ರದ್ದೇ ದೊಡ್ಡದು. ಮಾಸ್ಟರ್ ಸಿಸ್ಟಂನಲ್ಲಿ 64 ಬಣ್ಣಗಳಿಂದ ಆರಿಸಿಕೊಳ್ಳಬೇಕಿದ್ದರೆ ಗೇಮ್ ಗೇರ್‌ನಲ್ಲಿ 4096. ಅಂದಮೇಲೆ ಶಕ್ತಿಯಲ್ಲಿ ಕೈಯಂತ್ರ ಒಂದು ಕೂದಲೂ ಹಿಂದಿರಲಿಲ್ಲ. ಹಿಂದೆ ಬಿದ್ದದ್ದು ಪರದೆಯಲ್ಲಿ. ಮಾಸ್ಟರ್ ಸಿಸ್ಟಂನದು 256ಕ್ಕೆ 192, ಗೇಮ್ ಗೇರ್‌ನದು 160ಕ್ಕೆ 144. ಅರ್ಧಕ್ಕೂ ಕಡಿಮೆ ಜಾಗ. ಒಂದೇ ಆಟವನ್ನು ಎರಡಕ್ಕೂ ಮಾರುವುದು ಸುಲಭವಿತ್ತು, ಸೆಗಾ ಹಾಗೆಯೇ ಮಾಡಿತು.

ಈ ಎರಡು ಯಂತ್ರಗಳಿಗೆ 1991ರಲ್ಲಿ ಬಂದ ಮೊದಲ 8 ಬಿಟ್ ಸೋನಿಕ್‌ನಲ್ಲಿ ಈ ಸಣ್ಣ ಪರದೆಗಾಗಿ ಕೆಲವೆಡೆ ಲೆವೆಲ್‌ಗಳನ್ನು ತಿದ್ದಿದ್ದರು, ಆಟವೂ ನಿಧಾನವಾಗಿತ್ತು, ನಿಭಾಯಿಸಬಹುದಿತ್ತು. 1992ರ ಸೋನಿಕ್ 2ರಲ್ಲಿ ಎಡವಟ್ಟು ಬಯಲಾಯಿತು. ಅದರ ಮೊದಲ ವಲಯದ ಕೊನೆಯ ಎದುರಾಳಿಯನ್ನೇ ತೆಗೆದುಕೊಳ್ಳಿ. ಸೋನಿಕ್ ಒಂದು ಇಳಿಜಾರಿನಲ್ಲಿ ನಿಂತಿರುತ್ತಾನೆ. ಕೆಳತುದಿಯಲ್ಲಿ ಬಾಯ್ದೆರೆದ ಯಂತ್ರದ ಹುಳ. ಮೇಲಿನಿಂದ ಚೆಂಡುಗಳು ಪುಟಿಯುತ್ತ ಬರುತ್ತವೆ, ಪ್ರತಿಯೊಂದರ ಪುಟಿತದ ಎತ್ತರ ಬೇರೆ. ಅವುಗಳಿಂದ ತಪ್ಪಿಸಿಕೊಂಡರೆ ಅವೇ ಹೋಗಿ ಹುಳಕ್ಕೆ ಬಡಿಯುತ್ತವೆ. ಉಪಾಯ ಚೆನ್ನಾಗಿದೆ. ಮಾಸ್ಟರ್ ಸಿಸ್ಟಂನಲ್ಲಿ ಚೆಂಡು ದೂರದಿಂದಲೇ ಕಾಣುತ್ತದೆ, ಮೊದಲ ಪುಟಿತ ನೋಡಿ ಎರಡನೆಯದು ಎಲ್ಲಿ ಬೀಳುತ್ತದೆಂದು ಅಂದಾಜು ಹಾಕಬಹುದು. ಗೇಮ್ ಗೇರ್‌ನಲ್ಲಿ ಆ ಮೊದಲ ಪುಟಿತವೇ ಪರದೆಯ ಆಚೆ ನಡೆದುಹೋಗಿರುತ್ತದೆ. ಚೆಂಡು ಕಾಣುವ ಹೊತ್ತಿಗೆ ತಲೆಯ ಮೇಲೆ. ಅದು ಸಾಲದೆಂಬಂತೆ ಈ ಆಟದಲ್ಲಿ ಎದುರಾಳಿ ಇರುವ, ವಲಯದ ಮೂರನೇ ಹಂತದಲ್ಲಿ, ಹೆಕ್ಕಿಕೊಂಡರೆ ಏಟಿನಿಂದ ಕಾಪಾಡುವ ರಿಂಗ್‌ಗಳೇ ಇಲ್ಲ. ರಿಂಗ್ ಇಲ್ಲದ ಸೋನಿಕ್‌ಗೆ ಒಂದೇ ಏಟು ಸಾಕು. ಇದು ಆಟದ ಮೊದಲ ವಲಯ ಎಂಬುದು ನೆನಪಿರಲಿ, ಇಲ್ಲೇ ಕೈಚೆಲ್ಲಿದವರು ಮುಂದಿನದನ್ನು ನೋಡಲೇ ಇಲ್ಲ.

ಇದನ್ನು ಸರಿಪಡಿಸಲು ಹೊಸ ಚಿಪ್ ಬೇಕಿರಲಿಲ್ಲ. ಇಳಿಜಾರನ್ನು ನಾಲ್ಕಾರು ಚೌಕ ಕುಗ್ಗಿಸಿ, ಚೆಂಡಿನ ವೇಗ ಇಳಿಸಿ, ಪುಟಿತಗಳನ್ನು ಎರಡೇ ಬಗೆಗೆ ಸೀಮಿತಗೊಳಿಸಿದ್ದರೆ ಸಾಕಿತ್ತು. ಅದೂ ಬೇಡವೆಂದರೆ ಮೂರು ರಿಂಗ್ ಇಟ್ಟಿದ್ದರೂ ನಡೆಯುತ್ತಿತ್ತು.

ಗೇಮ್ ಗೇರ್ ಪರದೆಗೆ ಇನ್ನೊಂದು ಸ್ವಭಾವವಿತ್ತು. ಅದು ಹಳೆಯ ಬಗೆಯ ಎಲ್‌ಸಿಡಿ. ಚಿತ್ರ ವೇಗವಾಗಿ ಸರಿದರೆ ಹಿಂದಿನ ಫ್ರೇಮಿನ ನೆರಳು ಉಳಿದು ಎಲ್ಲವೂ ಕಲಸಿದಂತೆ ಕಾಣುತ್ತದೆ. ವೇಗವೇ ಬಂಡವಾಳವಾದ ಸರಣಿಗೆ ಇಂಥ ಪರದೆ ಸಿಕ್ಕಾಗ ಹಿನ್ನೆಲೆಯನ್ನು ತಿಳಿಯಾಗಿಟ್ಟು, ಶತ್ರುಗಳಿಗೂ ಮುಳ್ಳುಗಳಿಗೂ ದಪ್ಪ ಅಂಚು ಬರೆಯಬೇಕಿತ್ತು. ನಡೆದದ್ದು ಉಲ್ಟಾ. 1996ರ ಸೋನಿಕ್ ಬ್ಲಾಸ್ಟ್‌ನಲ್ಲಿ ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ತಯಾರಿಸಿದ ಗೊಂಬೆಯಂಥ ಚಿತ್ರಗಳನ್ನು ಹಾಕಿದರು. ಪಾತ್ರ ಇನ್ನೂ ದೊಡ್ಡದಾಯಿತು, ಮುಂದೆ ಕಾಣುವ ದಾರಿ ಇನ್ನೂ ಚಿಕ್ಕದಾಯಿತು. ಜಾಹೀರಾತಿನ ಫೋಟೊದಲ್ಲಿ ಚೆಂದ, ಕೈಯಲ್ಲಿ ಹಿಡಿದರೆ ಹೆಜ್ಜೆಹೆಜ್ಜೆಗೂ ಡಿಕ್ಕಿ.

ಆಟವನ್ನು ಉಳಿಸಿಡುವ ವ್ಯವಸ್ಥೆಯ ಬಗ್ಗೆ ಲೇಖನದಲ್ಲಿ ಮಾತೇ ಇಲ್ಲ. ಗೇಮ್ ಗೇರ್‌ಗೆ ಆರು ಎಎ ಸೆಲ್ ಬೇಕು, ಅವು ಬರುವುದು ಮೂರರಿಂದ ಐದು ಗಂಟೆ. ಪರದೆಯ ಹಿಂದಿನ ಚಿಕ್ಕ ಟ್ಯೂಬ್‌ಲೈಟೇ ಹೆಚ್ಚು ಕರೆಂಟ್ ತಿನ್ನುತ್ತದೆ. ಇಂಥ ಯಂತ್ರದಲ್ಲಿ ಸೋನಿಕ್ 1 ಮತ್ತು 2ರಲ್ಲಿ ಎಲ್ಲಿಗೆ ಬಂದೆವೆಂದು ಉಳಿಸಿಡುವ ದಾರಿಯೇ ಇಲ್ಲ. ಸೋನಿಕ್ 2ರಲ್ಲಿ ಅಡಗಿಸಿಟ್ಟ ಹರಳುಗಳನ್ನೆಲ್ಲ ಹುಡುಕದಿದ್ದರೆ ಕೊನೆಯ ವಲಯ ತೆರೆಯುವುದಿಲ್ಲ, ಗೆಳೆಯ ಟೇಲ್ಸ್ ಬಿಡುಗಡೆಯಾಗುವುದಿಲ್ಲ. ಒಂದು ಹರಳು ತಪ್ಪಿಸಿಕೊಂಡು, ಅಷ್ಟರಲ್ಲಿ ಸೆಲ್ಲೂ ಮುಗಿದರೆ ಮತ್ತೆ ಮೊದಲಿನಿಂದ. ಸೆಲ್ ಇಟ್ಟು ಆಟ ಉಳಿಸುವ ಕ್ಯಾಸೆಟ್‌ಗಳು ಗೇಮ್ ಗೇರ್‌ಗೂ ಇದ್ದವು. ಆ ಖರ್ಚು ಬೇಡವೆಂದರೆ ನಾಲ್ಕಕ್ಷರದ ಪಾಸ್‌ವರ್ಡ್ ಕೊಡಬಹುದಿತ್ತು, ಅದಕ್ಕೆ ಕಾಸೂ ಬೇಡ. ಪ್ರಯಾಣದಲ್ಲಿ ಆಡಲೆಂದೇ ಮಾಡಿದ ಯಂತ್ರಕ್ಕೆ ಇದಕ್ಕಿಂತ ಅಗ್ಗದ ಉಪಕಾರ ಇರಲಿಲ್ಲ.

1999ರ ಸೋನಿಕ್ ಪಾಕೆಟ್ ಅಡ್ವೆಂಚರ್ ಬಂದದ್ದು ನಿಯೋ ಜಿಯೋ ಪಾಕೆಟ್ ಕಲರ್ ಎಂಬ ಎಸ್‌ಎನ್‌ಕೆ ಕಂಪನಿಯ ಯಂತ್ರಕ್ಕೆ. ಪರದೆ 160ಕ್ಕೆ 152. ಗೇಮ್ ಗೇರ್‌ಗಿಂತ ಎಂಟು ಸಾಲು ಮಾತ್ರ ಜಾಸ್ತಿ, ಆದರೂ ಆಟ ಚೆನ್ನಾಗಿದೆ, ಅಳತೆ ನೋಡಿ ಹೊಲಿದ ಬಟ್ಟೆ ಎಂದು ಆಡಿದವರಿಗೆ ಗೊತ್ತಾಗುತ್ತದೆ. ಮರುವರ್ಷವೇ ಎಸ್‌ಎನ್‌ಕೆ ಅಮೆರಿಕದ ಮಾರುಕಟ್ಟೆಯಿಂದ ಕಾಲ್ತೆಗೆದದ್ದು ಆ ಆಟದ ದುರದೃಷ್ಟ.

2001ರ ಸೋನಿಕ್ ಅಡ್ವಾನ್ಸ್ ಬಗ್ಗೆ ನಮ್ಮ ತಕರಾರಿಲ್ಲ. 240ಕ್ಕೆ 160ರ ಪರದೆಗೆಂದೇ ಲೆವೆಲ್ ಬರೆದರು, ಬಣ್ಣಗಳನ್ನು ಢಾಳಾಗಿ ಹಚ್ಚಿದರು. ಮೊದಲ ಗೇಮ್ ಬಾಯ್ ಅಡ್ವಾನ್ಸ್‌ಗೆ ಒಳಗೆ ದೀಪವೇ ಇರಲಿಲ್ಲವಲ್ಲ, ಹೊರಗಿನ ಬೆಳಕೇ ಗತಿ. ನಮ್ಮ ಏಪ್ರಿಲ್ ಬಿಸಿಲು ಆ ಯಂತ್ರಕ್ಕೆ ಹೇಳಿಮಾಡಿಸಿದ್ದು, ಆಡುವವನಿಗಲ್ಲ. ದೀಪ ಬಂದದ್ದು 2003ರ ಎಸ್‌ಪಿ ಮಾದರಿಯಲ್ಲಿ. 2002ರ ಅಡ್ವಾನ್ಸ್ 2ರಲ್ಲಿ ಮತ್ತೆ ಹಳೆಯ ಚಾಳಿ. ವೇಗ ಏರಿಸಿದರು, ಕೆಳಗೆ ತಳವಿಲ್ಲದ ಗುಂಡಿಗಳನ್ನಿಟ್ಟರು. ವಿಶೇಷ ಹಂತಕ್ಕೆ ಹೋಗಬೇಕಾದರೆ ಒಂದೊಂದು ಲೆವೆಲ್‌ನಲ್ಲೂ ಅಡಗಿಸಿಟ್ಟ ಏಳು ವಿಶೇಷ ರಿಂಗ್‌ಗಳನ್ನು ಒಂದೇ ಓಟದಲ್ಲಿ ಹೆಕ್ಕಬೇಕು ಎಂದರು. ಓಡು ಎಂದು ಹೇಳುವ ಆಟವೇ ನಿಂತು ಮೂಲೆಮೂಲೆ ತಡಕು ಎನ್ನುತ್ತದೆ. ಆ ರಿಂಗ್‌ಗಳನ್ನು ನಾಲ್ಕೈದು ಸಲಕ್ಕೆ ಕೂಡಿಸಿಕೊಳ್ಳಲು ಬಿಟ್ಟಿದ್ದರೆ ಬಸ್ಸಿನಲ್ಲಿ ಹತ್ತು ನಿಮಿಷ ಆಡುವವರಿಗೂ ಕೈಗೆಟುಕುತ್ತಿತ್ತು.

ಈಗ ಶಕ್ತಿ ಸಾಲದು ಎಂಬ ವಾದ ಪೂರಾ ಮುರಿದುಬೀಳುವ ಉದಾಹರಣೆ. ಸೋನಿಕ್‌ಗೆ ಹದಿನೈದು ತುಂಬಿದ 2006ರ ನವೆಂಬರಿನಲ್ಲಿ ಮೊದಲ ಆಟವನ್ನೇ ಗೇಮ್ ಬಾಯ್ ಅಡ್ವಾನ್ಸ್‌ಗೆ ತಂದರು, ಅಮೆರಿಕದಲ್ಲಿ ಸೋನಿಕ್ ಜೆನೆಸಿಸ್ ಎಂಬ ಹೆಸರಿನಲ್ಲಿ. ಮೂಲ ಯಂತ್ರವಾದ ಮೆಗಾ ಡ್ರೈವ್‌ನ ಪ್ರೊಸೆಸರ್ 7.67 ಮೆಗಾಹರ್ಟ್ಸ್‌ನ 68000. ಗೇಮ್ ಬಾಯ್ ಅಡ್ವಾನ್ಸ್‌ನದು 16.78 ಮೆಗಾಹರ್ಟ್ಸ್‌ನ 32 ಬಿಟ್ ಎಆರ್‌ಎಂ. ಮೂಲ ಕ್ಯಾಸೆಟ್ ಅರ್ಧ ಮೆಗಾಬೈಟ್. ಗೇಮ್ ಬಾಯ್ ಅಡ್ವಾನ್ಸ್ ಕ್ಯಾಸೆಟ್‌ಗೆ 32 ಮೆಗಾಬೈಟ್‌ವರೆಗೂ ಅವಕಾಶ. ಹೀಗಿದ್ದೂ ಬಂದ ಆಟ ತಡವರಿಸುತ್ತಿತ್ತು, ಸಂಗೀತ ಎಳೆಯುತ್ತಿತ್ತು, ರಿಂಗ್ ಚೆಲ್ಲಿದರೆ ಇನ್ನೂ ನಿಧಾನ.

ಒಂದು ರಿಯಾಯಿತಿ ಕೊಡಬೇಕು. ಮೆಗಾ ಡ್ರೈವ್‌ನಲ್ಲಿ ಸಂಗೀತಕ್ಕೆ ಸ್ವರ ಹುಟ್ಟಿಸುವ ಪ್ರತ್ಯೇಕ ಎಫ್‌ಎಂ ಚಿಪ್ ಇದೆ. ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಅದಿಲ್ಲ, ಸ್ವರಗಳನ್ನು ಪ್ರೊಸೆಸರೇ ಕೂಡಿಸಿ ಬೆರೆಸಬೇಕು, ಅದು ಸಮಯ ತಿನ್ನುತ್ತದೆ. ಆದರೆ ಆ ಯಂತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಮದ್ದೂ ಉಂಟು. ಪ್ರೊಸೆಸರಿನ ಮಗ್ಗುಲಲ್ಲೇ 32 ಕಿಲೋಬೈಟ್ ವೇಗದ ಮೆಮೊರಿ ಇದೆ. ಪ್ರತಿ ಫ್ರೇಮಿನಲ್ಲೂ ಓಡಬೇಕಾದ ಭಾಗಗಳನ್ನು, ಅಂದರೆ ಸ್ವರ ಬೆರೆಸುವುದು, ನೆಲ ತಾಗಿತೇ ಎಂದು ನೋಡುವುದು ಇಂಥವನ್ನು, ಅಲ್ಲಿಗೆ ನಕಲು ಮಾಡಿ 32 ಬಿಟ್ ರೂಪದಲ್ಲಿ ಓಡಿಸಬೇಕು. ಮಿಕ್ಕದ್ದು ಕ್ಯಾಸೆಟ್‌ನಲ್ಲೇ 16 ಬಿಟ್ ರೂಪದಲ್ಲಿ ಇರಲಿ. ಕ್ಯಾಸೆಟ್‌ನ ದಾರಿ 16 ಬಿಟ್ ಅಗಲ, ಓದುವಾಗ ಪ್ರೊಸೆಸರ್ ಕಾಯುತ್ತ ನಿಲ್ಲಬೇಕು; ಎಲ್ಲವನ್ನೂ ಅಲ್ಲಿಂದಲೇ ಓಡಿಸಿದರೆ ಯಾವ ಆಟವೂ ಕುಂಟುತ್ತದೆ. ಸೈಮನ್ ಥಾಮ್ಲಿ ಎಂಬ ಪ್ರೋಗ್ರಾಮರ್ ಇದೇ ಯಂತ್ರದಲ್ಲಿ ಇದೇ ಆಟದ ಮಾದರಿಯೊಂದನ್ನು ತಾವೇ ಬರೆದು, ಅದು ನುಣ್ಣಗೆ ಓಡುವುದನ್ನು ತೋರಿಸಿಕೊಟ್ಟರು. ಅಲ್ಲಿಗೆ ಯಂತ್ರದ ಮೇಲಿನ ಆರೋಪ ಮುಗಿಯಿತು.

ತಡವರಿಕೆ ಸರಿಹೋಗಿದ್ದರೂ ಪರದೆಯ ಸಮಸ್ಯೆ ಹಾಗೇ ಇರುತ್ತಿತ್ತು ಎಂಬುದು ನಮ್ಮ ಮುಖ್ಯ ಮಾತು. 2006ರ ಆಟದಲ್ಲಿ ಪಾತ್ರದ ಗಾತ್ರ ಟಿ.ವಿ.ಯದೇ, ಲೆವೆಲ್ ಟಿ.ವಿ.ಯದೇ, ಪರದೆ ಮಾತ್ರ ನಾಲ್ಕನೇ ಮೂರು ಅಗಲದ್ದು. ಇದಕ್ಕೆ ಮದ್ದು ಹದಿಮೂರು ವರ್ಷ ಮೊದಲೇ ಸೆಗಾದ ಮನೆಯಲ್ಲಿಯೇ ಇತ್ತು! 1993ರ ಸೋನಿಕ್ ಸಿಡಿ ಎಂಬ ಆಟದಲ್ಲಿ ಪಾತ್ರ ಪೂರ್ಣ ವೇಗಕ್ಕೆ ಬಂದಾಗ ಕ್ಯಾಮೆರಾ ತಾನಾಗಿ 64 ಪಿಕ್ಸೆಲ್ ಮುಂದಕ್ಕೆ ಸರಿಯುತ್ತದೆ, ಪಾತ್ರ ಪರದೆಯ ಹಿಂಬದಿಗೆ ಹೋಗುತ್ತದೆ, ಮುಂದಿನ ದಾರಿ ಹೆಚ್ಚು ಕಾಣುತ್ತದೆ. 240 ಅಗಲದ ಪರದೆಯಲ್ಲಿ ಕ್ಯಾಮೆರಾವನ್ನು ಬರೀ 40 ಪಿಕ್ಸೆಲ್ ಸರಿಸಿ ನೋಡಿ. ಪಾತ್ರದ ಹಿಂದೆ 80, ಮುಂದೆ 160. ಟಿ.ವಿ.ಯಲ್ಲಿ ಮುಂದೆ ಎಷ್ಟು ಕಾಣುತ್ತಿತ್ತೋ ಸರಿಯಾಗಿ ಅಷ್ಟೇ! ಕಳೆದುಹೋದ 6 ಫ್ರೇಮ್ ನಯಾಪೈಸೆ ಖರ್ಚಿಲ್ಲದೆ ವಾಪಸ್. ಇಡೀ ಸರಣಿಯಲ್ಲಿ ನಮಗೆ ಅತ್ಯಂತ ಹೊಟ್ಟೆ ಉರಿಸುವ ಸಂಗತಿ ಈ 40 ಪಿಕ್ಸೆಲ್.

ಆಮೇಲಿನದು ಚುಟುಕಾಗಿ. 2005ರ ಸೋನಿಕ್ ರಶ್ ನಿಂಟೆಂಡೊ ಡಿಎಸ್‌ನ ಎರಡೂ ಪರದೆ ಬಳಸಿತು, ಆದರೆ ಅವು ಒಂದರ ಮೇಲೊಂದು, ಸೋನಿಕ್ ಓಡುವುದು ಅಡ್ಡಕ್ಕೆ. ಎತ್ತರದ ನೋಟ ಹೆಚ್ಚಿತು, ಮುಂದಿನದು ಹೆಚ್ಚಲಿಲ್ಲ. ಪಾತ್ರ ಮೇಲಿನ ಪರದೆಯಿಂದ ಕೆಳಗಿನದಕ್ಕೆ ಹಾರುವಾಗ ಕಣ್ಣೂ ಹಾರಬೇಕು. ಹಾಗಿದ್ದೂ ಅದು ಒಳ್ಳೆಯ ಆಟವೇ. 2011ರ ಸೋನಿಕ್ ಜನರೇಷನ್ಸ್ 3ಡಿಎಸ್‌ಗೆ ಬಂದಾಗ ಪರದೆ 400 ಅಗಲ, ಮೆಗಾ ಡ್ರೈವ್‌ಗಿಂತಲೂ ದೊಡ್ಡದು. ಕೊನೆಗೂ ಜಾಗ ಸಿಕ್ಕಿತು ಎನ್ನುವಷ್ಟರಲ್ಲಿ ಅದರ ಹಳೆಯ ಸೋನಿಕ್ ಭಾಗದ ಗ್ರೀನ್ ಹಿಲ್ ಲೆವೆಲ್ 1991ರದೇ ಪಡಿಯಚ್ಚು. ಚಿಕ್ಕ ಪರದೆಗೆ ದೊಡ್ಡ ಲೆವೆಲ್ ತುರುಕಿದವರೇ ದೊಡ್ಡ ಪರದೆ ಸಿಕ್ಕಾಗ ಹೊಸದೇನೂ ಬರೆಯಲಿಲ್ಲ.

ಬೇರೆ ಸರಣಿಗಳಲ್ಲೂ ಇದೇ ಪರೀಕ್ಷೆ ನಡೆಯಿತು. 1989ರ ಸೂಪರ್ ಮಾರಿಯೊ ಲ್ಯಾಂಡ್‌ನಲ್ಲಿ ಗುನ್‌ಪೆ ಯೊಕೊಯಿ ಅವರ ತಂಡ ಇಟ್ಟಿಗೆ, ಶತ್ರು ಎಲ್ಲವನ್ನೂ ಚಿಕ್ಕದಾಗಿ ಬರೆಯಿತು. ಗೇಮ್ ಬಾಯ್‌ನ 160 ಪಿಕ್ಸೆಲ್‌ನಲ್ಲೇ ದಾರಿ ಸಾಕಷ್ಟು ಕಾಣಿಸಿತು. ನಾಲ್ಕು ಲೋಕ, ಹನ್ನೆರಡು ಲೆವೆಲ್, ಒಂದೇ ಕೂತಿನಲ್ಲಿ ಮುಗಿಯುತ್ತದೆ, ಉಳಿಸಿಡುವ ತಲೆನೋವೇ ಇಲ್ಲ. ಅದೇ ನಿಂಟೆಂಡೊ 1999ರಲ್ಲಿ ಹಳೆಯ ಸೂಪರ್ ಮಾರಿಯೊ ಬ್ರದರ್ಸ್ ಅನ್ನು ಗೇಮ್ ಬಾಯ್ ಕಲರ್‌ಗೆ ತಂದಾಗ 256 ಅಗಲದ ಲೆವೆಲ್‌ಗೆ 160ರ ಕಿಂಡಿ ಇಟ್ಟು, ಮೇಲೆ ಕೆಳಗೆ ಏನಿದೆ ನೋಡಲು ಬಟನ್ ಒತ್ತಿ ಎಂದಿತು. ತೇಪೆ ಹಚ್ಚಿದ್ದಾದರೂ ತೂತು ಇದೆಯೆಂದು ಒಪ್ಪಿಕೊಂಡಂತಾಯಿತು. 1995ರ ಡಾಂಕಿ ಕಾಂಗ್ ಲ್ಯಾಂಡ್‌ನಲ್ಲಿ ನಾಲ್ಕೇ ಛಾಯೆಯ ಪರದೆಯ ಮೇಲೆ ಕಂಪ್ಯೂಟರ್ ಗೊಂಬೆಗಳನ್ನೂ ಒತ್ತಾದ ಹಿನ್ನೆಲೆಯನ್ನೂ ಹಾಕಿ ಮಂಗ ಯಾವುದು ಮರ ಯಾವುದು ಎಂದು ತಿಳಿಯದ ಹಾಗೆ ಮಾಡಿದರು. ಆಟ ಉಳಿಸಬೇಕಾದರೆ ಲೆವೆಲ್‌ನಲ್ಲಿ ಚದುರಿದ ನಾಲ್ಕು ಅಕ್ಷರ ಹೆಕ್ಕಬೇಕೆಂಬ ಶರತ್ತು ಬೇರೆ. ಅದಕ್ಕೂ ಒಂದು ವರ್ಷ ಮೊದಲು, 1994ರಲ್ಲಿ, ಅದೇ ಗೇಮ್ ಬಾಯ್‌ಗೆ ಬಂದ ಡಾಂಕಿ ಕಾಂಗ್ ಹಳೆಯ ನಾಲ್ಕು ಹಂತಗಳನ್ನು ಮೊದಲಿಗಿಟ್ಟು, ಆಮೇಲೆ 97 ಹೊಸ ಹಂತಗಳನ್ನು ಆ ಪುಟ್ಟ ಪರದೆಗೇ ಬರೆಯಿತು. ಅದೇ ಯಂತ್ರ, ಅದೇ ನಾಲ್ಕು ಛಾಯೆ.

ಇದೆಲ್ಲ ಮ್ಯೂಸಿಯಂ ಮಾತಲ್ಲ. ನಮ್ಮೂರಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಅಂಗಡಿಗಳಲ್ಲಿ, ಶರಣಬಸವೇಶ್ವರ ಜಾತ್ರೆಯ ಆಟಿಕೆ ಸಾಲಿನಲ್ಲಿ, 400 ಗೇಮ್ ಒಳಗಿವೆ ಎಂದು ಮಾರುವ ಪುಟ್ಟ ಪೆಟ್ಟಿಗೆಗಳು ಸಿಗುತ್ತವೆ. ಅವುಗಳ ಒಳಗಿರುವುದು ಹಳೆಯ ನಿಂಟೆಂಡೊ ಟಿ.ವಿ. ಯಂತ್ರದ ನಕಲು ಚಿಪ್. ಸೆಗಾ ಆ ಯಂತ್ರಕ್ಕೆ ಸೋನಿಕ್ ಆಟ ಮಾಡಿಯೇ ಇಲ್ಲ. ಹಾಗಾಗಿ ಮೆನುವಿನಲ್ಲಿ ಸೋನಿಕ್ ಎಂಬ ಹೆಸರು ಕಂಡರೆ ಅದು ಯಾರೋ ವೇಷ ಹಾಕಿಸಿದ ಬೇರೆ ಆಟ. ಕೊಳ್ಳುವವರು ಹಿಂಬದಿಯ ಮುಚ್ಚಳ ತೆಗೆಸಿ ನೋಡಲಿ. ಸಾಮಾನ್ಯವಾಗಿ ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಅಳತೆಯ 3.7 ವೋಲ್ಟ್ ಬ್ಯಾಟರಿ ಇರುತ್ತದೆ. ಮೇಜಿನ ಮೇಲೆ ಚಪ್ಪಟೆಯಾಗಿ ಕೂರದೆ ತಿರುಗಿದರೆ ಅದು ಉಬ್ಬಿದೆ ಎಂದರ್ಥ, ಬೇಡವೆನ್ನಿ.

ತುಸು ಹೆಚ್ಚಿನ ದುಡ್ಡಿಗೆ ಬರುವ 640ಕ್ಕೆ 480 ಪರದೆಯ ಕೈಯಂತ್ರಗಳಲ್ಲಿ ತಮಾಷೆಯೊಂದಿದೆ. ಮೆಗಾ ಡ್ರೈವ್‌ನ 320ಕ್ಕೆ 224ರ ಚಿತ್ರವನ್ನು ಸರಿಯಾಗಿ ಎರಡು ಪಟ್ಟು ಮಾಡಿದರೆ 640ಕ್ಕೆ 448, ಮೇಲೆ ಕೆಳಗೆ 16 ಸಾಲು ಬಿಟ್ಟು ಪೂರ್ತಿ ಕೂರುತ್ತದೆ. ಟಿ.ವಿ.ಯ ಆಟ ಒಂದು ಪಿಕ್ಸೆಲ್ಲೂ ಕತ್ತರಿಸದೆ ಅಂಗೈಯಲ್ಲಿ! ಗೇಮ್ ಗೇರ್ ಚಿತ್ರವನ್ನು ಮೂರು ಪಟ್ಟು ಮಾಡಿದರೆ 480ಕ್ಕೆ 432. ಸೆಟ್ಟಿಂಗ್‌ನಲ್ಲಿ ಪೂರ್ಣಾಂಕದ ಪಟ್ಟನ್ನೇ ಆರಿಸಬೇಕು. ಪರದೆ ತುಂಬಲಿ ಎಂದು ಎಳೆದರೆ ಕೆಲವು ಪಿಕ್ಸೆಲ್ ಎರಡಾಗಿ ಕೆಲವು ಮೂರಾಗಿ, ಓಡುವಾಗ ಚಿತ್ರ ನಡುಗುತ್ತದೆ. ಇವುಗಳ ಜೊತೆ ಆಟ ತುಂಬಿಸಿ ಕೊಡುವ ಮೆಮೊರಿ ಕಾರ್ಡ್‌ಗಳು ಬಹುತೇಕ ಕದ್ದ ಮಾಲು ಎಂಬುದನ್ನೂ ಹೇಳಿಬಿಡುತ್ತೇವೆ. ಫೋನಿನಲ್ಲಿ ಆಡುವವರಿಗೆ 2013ರಲ್ಲಿ ಕ್ರಿಶ್ಚಿಯನ್ ವೈಟ್‌ಹೆಡ್ ಮತ್ತು ಮೇಲೆ ಹೇಳಿದ ಥಾಮ್ಲಿ ಹೊಸದಾಗಿ ಬರೆದ ಅಗಲ ಪರದೆಯ ಸೋನಿಕ್ 1 ಮತ್ತು 2 ಬಂದವು. ಹೊರಗಿನವರಾಗಿ ಇದೇ ಸರಣಿಯ ಮೇಲೆ ಕೈಯಾಡಿಸುತ್ತಿದ್ದವರ ಕೈಗೆ ಸೆಗಾ ಕೊನೆಗೂ ಕೆಲಸ ಕೊಟ್ಟಿತು, ನಾಲ್ಕನೇ ಮೂರು ಅಗಲಕ್ಕೆ ಕುಗ್ಗಿದ ಪರದೆಯ ಬದಲು ಅಗಲ ಪರದೆಯಲ್ಲಿ ದಾರಿ ಮೊದಲಿಗಿಂತ ಹೆಚ್ಚು ಕಂಡಿತು.

ಕಾಲೇಜು ಪ್ರಾಜೆಕ್ಟಿಗೆಂದು ಇಂಥ ನೆಗೆಯುವ ಆಟ ಬರೆಯುವವರು ಮೊದಲು ಆ ಭಾಗಾಕಾರ ಮಾಡಿಕೊಳ್ಳಲಿ. ಪಾತ್ರದ ಮುಂದಿನ ಪಿಕ್ಸೆಲ್‌ಗಳನ್ನು ಫ್ರೇಮಿನ ವೇಗದಿಂದ ಭಾಗಿಸಿದಾಗ 25ಕ್ಕಿಂತ ಕಡಿಮೆ ಬಂದರೆ ಒಂದೋ ವೇಗ ಇಳಿಸಿ, ಇಲ್ಲವೇ ಪಾತ್ರವನ್ನು ಚಿಕ್ಕದು ಮಾಡಿ, ಅದೂ ಆಗದಿದ್ದರೆ ಕ್ಯಾಮೆರಾ ಮುಂದೆ ಸರಿಸಿ. ಸರಿಸುವಾಗ ಒಮ್ಮೆಲೇ ಎಳೆಯಬೇಡಿ, ಫ್ರೇಮಿಗೆ 2 ಪಿಕ್ಸೆಲ್‌ನಂತೆ ಹೋದರೆ 40 ಪಿಕ್ಸೆಲ್‌ಗೆ 20 ಫ್ರೇಮ್, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಜಿಗಿದರೆ ತಲೆ ತಿರುಗುತ್ತದೆ, ಇಳಿಯುವ ಅಂದಾಜೂ ತಪ್ಪುತ್ತದೆ. ಮೂಲ ಸೋನಿಕ್‌ನಲ್ಲಿ ಪಾತ್ರ ಒಟ್ಟು 16 ಪಿಕ್ಸೆಲ್ ಅಗಲದೊಳಗೆ ಆಚೀಚೆ ಆಡಿದರೂ ಕ್ಯಾಮೆರಾ ಅಲುಗುವುದಿಲ್ಲ, ನೆಗೆದಾಗ ಮೇಲೆ ಕೆಳಗೆ 32 ಪಿಕ್ಸೆಲ್‌ವರೆಗೆ ಸುಮ್ಮನಿರುತ್ತದೆ. ಈ ಸಡಿಲ ಬಿಡದಿದ್ದರೆ ಪ್ರತಿ ಸಣ್ಣ ನೆಗೆತಕ್ಕೂ ಇಡೀ ಲೋಕ ಕುಣಿಯುತ್ತದೆ. ಕೆಳಗೆ ಕಾಣದ ಕಡೆ ಹಾರಬೇಕಾದಲ್ಲಿ ಬೀಳುವ ದಾರಿಯುದ್ದಕ್ಕೂ ಮೂರು ನಾಲ್ಕು ನಾಣ್ಯ ಇಡಿ, ಅವೇ ದಾರಿ ತೋರಿಸುತ್ತವೆ. ನಾಣ್ಯ ಇಟ್ಟಲ್ಲಿ ಗುಂಡಿ ಇಡಬೇಡಿ. ಫೋನಿನಲ್ಲಿ ಪರದೆಯ ಕೆಳಗಿನ ಎರಡು ಮೂಲೆ ಹೆಬ್ಬೆರಳ ಅಡಿ ಹೋಗುತ್ತವೆ. ಬಲ ಮೂಲೆ ಎಂದರೆ ಪಾತ್ರ ಓಡುವ ದಿಕ್ಕು. ನೆಲವನ್ನು ಪರದೆಯ ತಳದಿಂದ ಮೂರನೇ ಒಂದು ಪಾಲು ಮೇಲಕ್ಕೆ ಎತ್ತಿ ಬರೆಯದಿದ್ದರೆ ಗೇಮ್ ಗೇರ್ ಕಥೆಯೇ 6 ಇಂಚಿನ ಫೋನಿನಲ್ಲೂ ನಡೆಯುತ್ತದೆ. ಲ್ಯಾಪ್‌ಟಾಪಿನ ಕಿಟಕಿಯಲ್ಲಿ ಓಡಿಸಿ ನೋಡಿದರೆ ಇದಾವುದೂ ತಿಳಿಯುವುದಿಲ್ಲ, ಫೋನಿಗೆ ಹಾಕಿ, ಮಧ್ಯಾಹ್ನ ಹೊರಗೆ ನಿಂತು ಒಮ್ಮೆ ಆಡಿ.

ಹಳೆಯ ಗೇಮ್ ಗೇರ್ ಮನೆಯಲ್ಲಿದ್ದವರಿಗೆ ಒಂದು ಮಾತು. ಪರದೆ ಮಂಕಾಗಿ, ಓರೆಯಾಗಿ ಹಿಡಿದರೆ ಮಾತ್ರ ಕಂಡು, ಸದ್ದು ಕ್ಷೀಣಿಸಿದ್ದರೆ ಬಹುತೇಕ ಒಳಗಿನ ಎಲೆಕ್ಟ್ರೋಲೈಟಿಕ್ ಕೆಪ್ಯಾಸಿಟರ್‌ಗಳು ಸೋರಿವೆ. ಪರದೆಯೇ ಹೋಯಿತೆಂದು ಎಸೆಯಬೇಡಿ. ಮುಖ್ಯ ಬೋರ್ಡು, ಸದ್ದಿನ ಬೋರ್ಡು, ಪವರ್ ಬೋರ್ಡು ಮೂರರಲ್ಲೂ ಬದಲಿಸಬೇಕು, ಒಂದನ್ನೇ ಬದಲಿಸಿದರೆ ಕೆಲವು ತಿಂಗಳಲ್ಲಿ ಮತ್ತೆ ಅದೇ ಪಾಡು. ಸೋರಿದ ದ್ರವವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೆಯೇ ಬೆಸುಗೆ. ಹಳೆಯದನ್ನು ಇಕ್ಕಳದಲ್ಲಿ ಹಿಡಿದು ಕೀಳಬಾರದು, ತಾಮ್ರದ ಗೆರೆಯೇ ಎದ್ದುಬರುತ್ತದೆ. ಎರಡೂ ಕಾಲಿಗೆ ಬೆಸುಗೆಯ ಹೊಸ ಸೀಸ ಹಾಕಿ, ಎರಡನ್ನೂ ಸರದಿಯಲ್ಲಿ ಕಾಯಿಸುತ್ತ ನಿಧಾನಕ್ಕೆ ಎತ್ತಬೇಕು. ಕೂರಿಸುವಾಗ ಪ್ಲಸ್ ಮೈನಸ್ ಗುರುತನ್ನು ಬೋರ್ಡಿನ ಮೇಲಿನ ಅಚ್ಚಿಗೆ ಹೋಲಿಸಿ ನೋಡಿ. ಮಂಕು ಪರದೆಯಲ್ಲಿ ಆಡಿ ಆಟಕ್ಕೆ ಬೈದವರು ಸಾಕಷ್ಟು ಮಂದಿ.

ಕೊನೆಯದಾಗಿ, ಲೇಖನದ ಜೊತೆ ಪ್ರಕಟವಾದ ಪಟ್ಟಿಯಲ್ಲಿ ಎರಡು ತಿದ್ದುಪಡಿ ಆಗಬೇಕು. ಗೇಮ್ ಗೇರ್‌ಗೆ ನಾಲ್ಕು ಸೆಲ್ ಎಂದಿದೆ, ಅದು ಆರು. ನಾಲ್ಕು ಸೆಲ್‌ನದು 1989ರ ಮೊದಲ ಗೇಮ್ ಬಾಯ್. ಸೋನಿಕ್ ಅಡ್ವಾನ್ಸ್ ಬಂದ ವರ್ಷ 2003 ಎಂದಿದೆ, ಜಪಾನಿನಲ್ಲಿ ಅದು 2001ರ ಡಿಸೆಂಬರಿನಲ್ಲೇ ಬಂದಿತ್ತು. ಮುಂದಿನ ಸಂಚಿಕೆಯಲ್ಲಿ ಇವನ್ನು ಸರಿಪಡಿಸಿ, ಸಾಧ್ಯವಾದರೆ ಪ್ರತಿ ಯಂತ್ರದ ಎದುರು ಪರದೆಯ ಪಿಕ್ಸೆಲ್ ಅಳತೆಯನ್ನೂ ಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ಓದುಗರು,
ಹಳೆಯ ಗೇಮ್ ಯಂತ್ರಗಳ ರಿಪೇರಿ ಮತ್ತು ಗೇಮ್ ಬರವಣಿಗೆಯ ಗೆಳೆಯರು,
ಸೂಪರ್ ಮಾರ್ಕೆಟ್, ಕಲಬುರಗಿ